ಬಿಸಿಲಿನ ದುಡಿಮೆ ಮತ್ತು ನಮ್ಮ ದೇಹ



ಏಪ್ರಿಲ್, ಮೇ ತಿಂಗಳುಗಳ ಬಿಸಿಲಿನಲ್ಲಿ ಟೊಮ್ಯಾಟೊ ಬಿಡಿಸುವವರು, ಹಿಪ್ಪುನೇರಳೆ ಸೊಪ್ಪು ಹೊರುವವರು, ಮಾಲೂರಿನ ಕಡೆಯ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರು ನಮ್ಮಲ್ಲಿ ಅನೇಕರಿದ್ದಾರೆ. "ಬಿಸಿಲಿನಲ್ಲೇ ಬೆಳೆದವರು ನಾವು, ನಮಗೇನಾದೀತು?" ಎಂದು ನೀವೂ ಹೇಳಿರಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ.

ದುಡಿಯುವಾಗ ಮಾಂಸಖಂಡಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಕೆಲಸವಾಗಿ ಪರಿಣಮಿಸುತ್ತದೆ, ಮಿಕ್ಕದ್ದೆಲ್ಲ ಶಾಖವೇ. ದೇಹದ ಒಳ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕಾದರೆ ಆ ಶಾಖ ಹೊರಹೋಗಲೇಬೇಕು. ಅದಕ್ಕಾಗಿ ಹೃದಯವು ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ನೂಕುತ್ತದೆ, ಬೆವರು ಒಸರುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಪ್ರಯೋಜನವಿಲ್ಲ. ಮೈಮೇಲೆಯೇ ಆರಿದರೆ ತಂಪು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ.

ಈ ವಿದ್ಯೆಯನ್ನು ದೇಹವು ದಿನೇ ದಿನೇ ಕಲಿಯುತ್ತದೆ. ಒಂದೆರಡು ವಾರ ಕ್ರಮವಾಗಿ ಬಿಸಿಲಿನಲ್ಲಿ ದುಡಿದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಅದರೊಡನೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಎದೆಬಡಿತ ಮೊದಲಿನಷ್ಟು ಏರುವುದಿಲ್ಲ. ಆದರೆ ಕೆಲವು ವಾರ ನೆರಳಿನಲ್ಲಿ ಕಳೆದರೆ ಕಲಿತದ್ದು ಮರೆತುಹೋಗುತ್ತದೆ. ಬೆಂಗಳೂರಿನ ಕಾರ್ಖಾನೆಯಿಂದ ರಜೆಗೆ ಬಂದು ಹೊಲಕ್ಕಿಳಿದ ಮಗ, ಜ್ವರದಿಂದ ಎದ್ದ ಕೂಲಿಯಾಳು, ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ತಾಯಿ, ಪೊಲೀಸ್ ನೇಮಕಾತಿಗೆಂದು ಓಟದ ಅಭ್ಯಾಸಕ್ಕೆ ತೊಡಗಿದ ಹುಡುಗ, ಇವರೆಲ್ಲ ಈ ಊರಿನವರೇ ಆದರೂ ಮೊದಲ ದಿನ ಬಿಸಿಲಿಗೆ ಹೊಸಬರು. ತೀರ ಹೊಸಬರಿಗೆ ಮೊದಲ ದಿನ ಪೂರ್ಣ ಕೆಲಸದ ಐದನೆಯ ಒಂದು ಪಾಲು ಸಾಕು. ಪ್ರತಿದಿನ ಅಷ್ಟಷ್ಟೇ ಏರಿಸುತ್ತ ಹೋಗಬಹುದು. ಅವರನ್ನು ಸೋಮಾರಿಗಳೆಂದು ಮೂದಲಿಸುವ ಮೇಸ್ತ್ರಿಗಳು ಇದನ್ನು ಅರಿಯಬೇಕು.

2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದವು. ಅಲ್ಲಿ ಬಂಡೆಯೇ ಸುಡುತ್ತಿದ್ದುದರಿಂದ ಯಂತ್ರಗಳಲ್ಲಿ ತಂಪುಗೊಳಿಸಿದ ಗಾಳಿಯನ್ನು ಒಳಗೆ ಕಳುಹಿಸಬೇಕಾಗಿತ್ತು. ಹೊಲದಲ್ಲಿ ನಮಗಿರುವುದು ಹೊಂಗೆಯ ನೆರಳು ಮತ್ತು ನೀರು.

ಬಾಯಾರಿಕೆ ತಡವಾಗಿ ಎಚ್ಚರಿಸುತ್ತದೆ. ಆದುದರಿಂದ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ; ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ರಾಗಿ ಅಂಬಲಿ ಇರಲಿ. ಮರೆಯ ಜಾಗವಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ದಿನವಿಡೀ ನೀರನ್ನೇ ಕುಡಿಯದಿರುವುದುಂಟು. ಇದು ಅವರ ತಪ್ಪಲ್ಲ. ನಾಲ್ಕು ಗಳ, ಒಂದು ಹಳೆಯ ತಾಟು ಇದ್ದರೆ ಹೊಲದ ಬದುವಿನಲ್ಲಿ ಮರೆ ಸಿದ್ಧವಾಗುತ್ತದೆ. ಅದನ್ನು ಒದಗಿಸುವುದು ಹೊಲದ ಒಡೆಯರ ಹೊಣೆ. ಗರ್ಭಿಣಿಯರ ವಿಷಯದಲ್ಲಂತೂ ಉಪೇಕ್ಷೆ ಸಲ್ಲದು.

ತಲೆಸುತ್ತು, ಓಕರಿಕೆ, ಸ್ನಾಯುಸೆಳೆತ ಕಂಡೊಡನೆ ಕೆಲಸ ನಿಲ್ಲಿಸಿ ನೆರಳಿನಲ್ಲಿ ಮಲಗಿಸಿ, ನೀರು ಕೊಡಿ. ಮೈ ಕಾದು, ಮಾತು ತಡವರಿಸಿ, ಬುದ್ಧಿ ಕದಡಿದರೆ ಅದು ಪ್ರಾಣಾಪಾಯ. ಬೆವರು ಇನ್ನೂ ಹರಿಯುತ್ತಿದೆಯೆಂದು ಮೋಸಹೋಗಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಮೈಮೇಲೆ ನೀರು ಸುರಿದು ಬೀಸಣಿಗೆಯಿಂದ ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ವಾಹನ ಬರುವವರೆಗೂ ಮೈಗೆ ನೀರು ಸುರಿಯುವುದನ್ನು ನಿಲ್ಲಿಸಬೇಡಿ.