ಹೇಳಿಕೊಟ್ಟ ಅಡುಗೆ, ಹೇಳಿ ಓದಿಸಿದ ಕಥೆ



ಗೆಳೆತನದ ಬಗ್ಗೆ ಮಾತಾಡಿ ಎಂದು ಸಂಚಾಲಕರು ಹೇಳಿದಾಗ ನಾನು ಅದರ ಒಂದು ಮೂಲೆಯನ್ನಷ್ಟೇ ಹಿಡಿದುಕೊಳ್ಳುತ್ತೇನೆ ಎಂದು ಒಪ್ಪಿಕೊಂಡೆ. ಅಮೆರಿಕದ ದಕ್ಷಿಣ ತುದಿಯಲ್ಲಿ ಲೂಸಿಯಾನಾ ಎಂಬ ರಾಜ್ಯವಿದೆ. ಅಲ್ಲಿನ ಲಾಫಯೆಟ್ ಊರಿನಲ್ಲಿ ಕೆಲಸದ ಮೇಲೆ ಇದ್ದಾಗ ನಾನೊಂದು ಗೆಳೆಯರ ಗುಂಪಿಗೆ ಸೇರಿಕೊಂಡಿದ್ದೆ. ವಾರಾಂತ್ಯಕ್ಕೆ ಯಾರಾದರೊಬ್ಬರ ಮನೆಯಲ್ಲಿ ಕೇಜನ್ ಅಡುಗೆ, ಊಟವಾದ ಮೇಲೆ ಹಳೆಯ ವಿಜ್ಞಾನ ಕಥೆಗಳ ಪುಸ್ತಕ ಬದಲಿ. ಅಡುಗೆ ಮಾಡುವ ಬಗೆ ಒಂದು ಕೈಯಿಂದ, ಪುಸ್ತಕ ಇನ್ನೊಂದು ಕೈಯಿಂದ. ಇವೆರಡೂ ಒಂದೇ ಮೇಜಿನ ಮೇಲೆ ಹೇಗೆ ಬಂದವು ಎಂದು ಆಗ ಯಾರೂ ಕೇಳಿಕೊಳ್ಳಲಿಲ್ಲ. ಈಗ ಯೋಚಿಸಿದರೆ ನನಗೊಂದು ಕಾರಣ ಕಾಣುತ್ತದೆ. ಎರಡೂ ಅಚ್ಚಿನಲ್ಲಿ ಇವೆ, ಆದರೆ ಅಚ್ಚಿನಿಂದಷ್ಟೇ ಬದುಕಿ ಬಂದವಲ್ಲ. ಯಾರೋ ಒಬ್ಬರು ಇನ್ನೊಬ್ಬರನ್ನು ಕೂರಿಸಿಕೊಂಡು ‘ಇದನ್ನು ನೀನು ಮಾಡಿ ನೋಡಲೇಬೇಕು’, ‘ಇದನ್ನು ನೀನು ಓದಲೇಬೇಕು’ ಎಂದು ಒತ್ತಾಯ ಮಾಡಿದ್ದರಿಂದ ಉಳಿದು ಬಂದವು.

ಕೇಜನ್ನರು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಈಗಿನ ಕೆನಡಾದ ನೋವಾ ಸ್ಕೋಷಿಯಾ ಸುತ್ತಮುತ್ತ, ಅಕೇಡಿಯಾ ಎಂಬ ಸೀಮೆಯಲ್ಲಿ, ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ಫ್ರೆಂಚ್ ರೈತರ ಸಂತತಿ ಅವರು. 1755ರಲ್ಲಿ ಬ್ರಿಟಿಷ್ ಆಡಳಿತ ಅವರನ್ನು ಹಡಗುಗಳಿಗೆ ತುಂಬಿ ಹೊರಗಟ್ಟಲು ಶುರುಮಾಡಿತು. ಮನೆಗಳನ್ನು ಸುಟ್ಟರು. ಒಂದೊಂದು ಹಡಗು ಒಂದೊಂದು ದಿಕ್ಕಿಗೆ ಹೋಯಿತು, ಎಷ್ಟೋ ಕುಟುಂಬಗಳು ಮತ್ತೆ ಒಂದಾಗಲಿಲ್ಲ. ಹತ್ತು ವರ್ಷದ ಮೇಲೆ, 1765ರಲ್ಲಿ, ಜೋಸೆಫ್ ಬ್ರೂಸಾರ್ ಎಂಬ ಮುಂದಾಳಿನ ಜೊತೆ ಒಂದು ಗುಂಪು ಲೂಸಿಯಾನಾದ ಜೌಗು ನಾಡಿಗೆ ಬಂದು ನೆಲೆಸಿತು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಇನ್ನೂ ಸುಮಾರು 1,600 ಮಂದಿ ಬಂದರು. ಚಳಿಸೀಮೆಯ ಗೋಧಿ, ಸೇಬು, ಕೋಸು ತಿಂದು ಬೆಳೆದ ಜನಕ್ಕೆ ಇಲ್ಲಿ ಸಿಕ್ಕಿದ್ದು ಭತ್ತ, ಮೆಣಸಿನಕಾಯಿ, ಏಡಿ, ಕೆಸರಿನಲ್ಲಿ ಸಿಗುವ ಕ್ರಾಫಿಶ್. ಬೆಂಡೆಕಾಯಿ ಗುಲಾಮರಾಗಿ ಬಂದ ಆಫ್ರಿಕನ್ನರ ಜೊತೆ ಬಂದಿತ್ತು. ಸಾಸಾಫ್ರಾಸ್ ಮರದ ಒಣ ಎಲೆ ಕುಟ್ಟಿ ಪುಡಿ ಮಾಡಿ ಸಾರು ಗಟ್ಟಿ ಮಾಡುವುದನ್ನು ಚೋಕ್ಟಾ ಎಂಬ ಮೂಲನಿವಾಸಿಗಳು ಹೇಳಿಕೊಟ್ಟರು. ಹಾಗಾಗಿ ಕೇಜನ್ ಅಡುಗೆ ಹುಟ್ಟಿನಿಂದಲೇ ಕೊಡು-ಕೊಳ್ಳುವಿಕೆಯ ಅಡುಗೆ.

ಕೇಜನ್ನರ ಫ್ರೆಂಚ್ ಮಾತಿನ ಗತಿ ಬೇರೆಯಾಯಿತು. ಲೂಸಿಯಾನಾದ 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷ್ ಒಂದನ್ನೇ ಉಳಿಸಿತು. ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆ ಆಗುತ್ತಿತ್ತು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಫ್ರೆಂಚ್ ಕಲಿಸಲಿಲ್ಲ. ಭಾಷೆಯನ್ನು ಕಾಪಾಡಲು ಸರ್ಕಾರವೇ ಒಂದು ಮಂಡಳಿ ರಚಿಸಿದ್ದು 1968ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರು ಕಳೆದುಹೋಗಿತ್ತು. ಆ ನಡುವೆ ಶಾಲೆಯ ಮೇಷ್ಟರ ಕೈಗೆ ಸಿಗದೆ ಉಳಿದದ್ದು ಅಡುಗೆಮನೆ. ನನ್ನ ಗೆಳೆಯನೊಬ್ಬನಿಗೆ ಫ್ರೆಂಚಿನಲ್ಲಿ ಒಂದು ವಾಕ್ಯ ಕಟ್ಟಲು ಬರುತ್ತಿರಲಿಲ್ಲ, ಆದರೆ ಪಾತ್ರೆ, ಹದ, ರುಚಿಗೆ ಸಂಬಂಧಪಟ್ಟ ಮಾತುಗಳೆಲ್ಲ ಅವನ ಅಜ್ಜಿಯ ಫ್ರೆಂಚಿನಲ್ಲೇ ಬರುತ್ತಿದ್ದವು.

ಈಗ ಗಂಬೋ ವಿಷಯಕ್ಕೆ ಬರೋಣ. ಅನ್ನದ ಮೇಲೆ ಹಾಕಿಕೊಂಡು ತಿನ್ನುವ ಗಾಢವಾದ ಸಾರು ಅದು. ಕೋಳಿ ಮತ್ತು ಹೊಗೆಯಲ್ಲಿ ಬೇಯಿಸಿದ ಸಾಸೇಜ್ ಹಾಕುತ್ತಾರೆ, ಇಲ್ಲವೇ ಸಿಗಡಿ-ಏಡಿ ಹಾಕುತ್ತಾರೆ. ಕ್ರೈಸ್ತರ ಉಪವಾಸದ ಕಾಲದಲ್ಲಿ ಹಲವು ಬಗೆಯ ಸೊಪ್ಪು ಸೇರಿಸಿ ಮಾಡುವ ಗಂಬೋವೂ ಇದೆ. ಹೆಚ್ಚಿನವಕ್ಕೆ ಬುನಾದಿ ‘ರೂ’ ಎಂಬುದು. ಅದರಲ್ಲಿ ಇರುವುದು ಮೈದಾ ಹಿಟ್ಟು ಮತ್ತು ಎಣ್ಣೆ ಮಾತ್ರ, ಎರಡೂ ಸಮಸಮ. ಪುಸ್ತಕದಲ್ಲಿ ನೋಡಿದರೆ ಒಂದೇ ಸಾಲು: ಕಂದು ಬಣ್ಣ ಬರುವವರೆಗೆ ಹುರಿಯಿರಿ. ಆ ಒಂದು ಸಾಲಿನೊಳಗೆ ಮುಕ್ಕಾಲು ಗಂಟೆಯ ಕೆಲಸ ಅಡಗಿದೆ.

ನನಗೆ ಅದನ್ನು ಕಲಿಸಿದವರು ಗೆಳೆಯನ ತಾಯಿ. ದಪ್ಪ ತಳದ ಬೀಡು ಕಬ್ಬಿಣದ ಪಾತ್ರೆ, ತುದಿ ಚಪ್ಪಟೆಯಾದ ಮರದ ಸೌಟು, ಸಣ್ಣಗಿಂತ ತುಸು ಹೆಚ್ಚಿನ ಉರಿ. ಸೌಟು ಪಾತ್ರೆಯ ತಳ ಬಿಟ್ಟು ಏಳಬಾರದು. ಒಲೆಯ ಮುಂದೆ ನಿಂತರೆ ಫೋನ್ ಬಡಿದುಕೊಂಡರೂ ಅವರು ಎತ್ತುತ್ತಿರಲಿಲ್ಲ. ಹಿಟ್ಟು ಮೊದಲು ಬಿಳಿ ನೊರೆಯಾಗುತ್ತದೆ, ಆಮೇಲೆ ಗೋಧಿ ಬಣ್ಣ, ಆಮೇಲೆ ತಾಮ್ರದ ಬಣ್ಣ. ಅಲ್ಲಿಗೆ ಬಂದಾಗ ಹೊಸಬರು ಹೆದರಿ ಉರಿ ಆರಿಸುತ್ತಾರೆ. ಅವರು ಆರಿಸಲು ಬಿಡುತ್ತಿರಲಿಲ್ಲ. ‘ಬಣ್ಣ ನೋಡಬೇಡ, ಮೂಗು ಇಟ್ಟು ನೋಡು’ ಎನ್ನುತ್ತಿದ್ದರು. ಹಸಿ ಹಿಟ್ಟಿನ ವಾಸನೆ ಹೋಗಿ ಹುರಿದ ಕಡಲೆಕಾಯಿಯ ಪರಿಮಳ ಬರಬೇಕು, ಅದೂ ದಾಟಿ ಕಾಫಿ ಬೀಜ ಹುರಿಯುವಾಗಿನ ಕಹಿಯ ಅಂಚು ಮೂಗಿಗೆ ತಾಗಬೇಕು. ಬಣ್ಣ ಚಾಕೊಲೇಟಿನಷ್ಟು ಕಪ್ಪಗಾದ ಕ್ಷಣದಲ್ಲಿ, ಮೊದಲೇ ಹೆಚ್ಚಿಟ್ಟ ಈರುಳ್ಳಿ, ಸೆಲರಿ, ದೊಣ್ಣೆ ಮೆಣಸಿನಕಾಯಿಯನ್ನು ಒಟ್ಟಿಗೆ ಸುರಿಯಬೇಕು. ಚರ್ರೆನ್ನುತ್ತದೆ, ತರಕಾರಿಯ ನೀರು ಬಿಸಿಯನ್ನು ಇಳಿಸುತ್ತದೆ, ಹಿಟ್ಟು ಮುಂದೆ ಸೀಯುವುದು ನಿಲ್ಲುತ್ತದೆ. ಒಂದೇ ಒಂದು ಕರಿ ಚುಕ್ಕೆ ಕಂಡರೂ ಇಡೀ ಪಾತ್ರೆ ಚೆಲ್ಲಿ ಮೊದಲಿನಿಂದ ಶುರುಮಾಡಬೇಕು, ಆ ಕಹಿಯನ್ನು ಮುಚ್ಚುವ ಮಸಾಲೆ ಯಾವುದೂ ಇಲ್ಲ. ಇದರ ಹಿಂದಿನ ರಸಾಯನವನ್ನೂ ಹೇಳುತ್ತೇನೆ, ವಿಜ್ಞಾನದ ಗೆಳೆಯರು ಇಲ್ಲಿದ್ದೀರಿ: ಹುರಿದಷ್ಟೂ ಹಿಟ್ಟಿನ ಪಿಷ್ಟ ಒಡೆಯುತ್ತ ಹೋಗುತ್ತದೆ, ಸಾರನ್ನು ಗಟ್ಟಿ ಮಾಡುವ ಶಕ್ತಿ ಕುಗ್ಗುತ್ತದೆ. ಕಪ್ಪು ರೂ ಇರುವುದು ರುಚಿಗೆ. ಗಟ್ಟಿತನಕ್ಕೆ ಬೆಂಡೆಕಾಯಿ ಅಥವಾ ಆ ಎಲೆಪುಡಿ ಬೇಕು. ಎಲೆಪುಡಿಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು, ಕುದಿಯುವಾಗ ಹಾಕಿದರೆ ನೂಲು ನೂಲಾಗಿ ಎಳೆದುಕೊಳ್ಳುತ್ತದೆ.

ಇದ್ಯಾವುದನ್ನೂ ಚೀಟಿಯಲ್ಲಿ ಪೂರ್ತಿ ಬರೆಯಲು ಆಗುವುದಿಲ್ಲ. ಹಾಗಿದ್ದರೂ ಲೂಸಿಯಾನಾದವರು ಬರೆದರು. ಬ್ಯಾಟನ್ ರೂಜ್ ಊರಿನ ಮಹಿಳಾ ಸಂಘದವರು 1959ರಲ್ಲಿ ಮನೆಮನೆಯ ಅಡುಗೆಗಳನ್ನು ಸೇರಿಸಿ ‘ರಿವರ್ ರೋಡ್ ರೆಸಿಪೀಸ್’ ತಂದರು. ಅದು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿದೆ. ಲಾಫಯೆಟ್ಟಿನ ಸಂಘದವರು 1967ರಲ್ಲಿ ‘ಟಾಕ್ ಅಬೌಟ್ ಗುಡ್’ ತಂದರು. ಇಂಥ ಊರ ಪುಸ್ತಕಗಳಲ್ಲಿ ಅಡುಗೆಯ ಕೆಳಗೆ ಅದನ್ನು ಕೊಟ್ಟವರ ಹೆಸರಿರುತ್ತದೆ. ಆ ಹೆಸರು ಎಷ್ಟು ಮುಖ್ಯ ಎಂಬುದು ಅಲ್ಲಿದ್ದಾಗಲೇ ನನಗೆ ತಿಳಿದದ್ದು. ಜನ ಪುಟ ತಿರುವುತ್ತ ‘ಇದು ಅವರದ್ದಾ, ಹಾಗಾದರೆ ಮಾಡಬಹುದು’ ಎಂದು ನಿರ್ಧಾರ ಮಾಡುತ್ತಿದ್ದರು. ಸೇಂಟ್ ಮಾರ್ಟಿನ್‌ವಿಲ್ ಊರಿನ ಮಾರ್ಸೆಲ್ ಬಿಯೆನ್ವೆನ್ಯೂ ಎಂಬ ಲೇಖಕಿ 1991ರಲ್ಲಿ ಬರೆದ ಅಡುಗೆ ಪುಸ್ತಕದ ಹೆಸರೇ ಒಂದು ವಿಚಾರಣೆ: ನಿನ್ನ ತಾಯಿ ಯಾರು, ನೀನು ಕ್ಯಾಥೊಲಿಕ್ಕೋ, ನಿನಗೆ ರೂ ಮಾಡಲು ಬರುತ್ತದೋ? ಹೊಸಬರ ಬಗ್ಗೆ ಅಲ್ಲಿನ ಜನ ತಿಳಿದುಕೊಳ್ಳಬಯಸುವುದು ಅಷ್ಟೇ.

ಪುಸ್ತಕದ ಕಡೆಗೆ ಬಂದರೆ, ವಿಜ್ಞಾನ ಕಥೆಯ ಓದುಗರು ಒಬ್ಬರನ್ನೊಬ್ಬರು ಹುಡುಕಿಕೊಂಡ ರೀತಿಯೂ ಇಷ್ಟೇ ಆಪ್ತವಾದದ್ದು. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಶುರುಮಾಡಿದರು. ಓದುಗರ ಓಲೆಗಳ ವಿಭಾಗದಲ್ಲಿ ಬರೆದವರ ಪೂರ್ತಿ ವಿಳಾಸವನ್ನೂ ಅಚ್ಚು ಹಾಕಿದರು. ಸಣ್ಣ ಊರಿನಲ್ಲಿ ಒಬ್ಬನೇ ಕೂತು ಮಂಗಳ ಗ್ರಹದ ಕಥೆ ಓದುತ್ತಿದ್ದ ಹುಡುಗನಿಗೆ, ತನ್ನಂಥವನೇ ಇನ್ನೊಬ್ಬ ಯಾವ ಬೀದಿಯಲ್ಲಿದ್ದಾನೆ ಎಂದು ಗೊತ್ತಾಯಿತು. ಕಾಗದ ಬರೆದರು, ಪತ್ರಿಕೆ ಬದಲಾಯಿಸಿಕೊಂಡರು, ಕೈಯಾರೆ ಅಚ್ಚು ಹಾಕಿ ಸಣ್ಣ ಪತ್ರಿಕೆ ಮಾಡಿದರು. ನ್ಯೂಯಾರ್ಕಿನಲ್ಲಿ 1938ರಲ್ಲಿ ಕೂಡಿಕೊಂಡ ‘ಫ್ಯೂಚರಿಯನ್ಸ್’ ಎಂಬ ಹುಡುಗರ ಗುಂಪಿನಲ್ಲಿ ಐಸಾಕ್ ಅಸಿಮೊವ್, ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲುತ್ ಇದ್ದರು. ಮುಂದೆ ಪೋಲ್ ಮತ್ತು ಕಾರ್ನ್‌ಬ್ಲುತ್ ಒಟ್ಟಿಗೆ ಬರೆದ ‘ದಿ ಸ್ಪೇಸ್ ಮರ್ಚಂಟ್ಸ್’ ಆ ಗೆಳೆತನದ ಫಲ.

ಲೂಸಿಯಾನಾಕ್ಕೂ ಈ ಲೋಕಕ್ಕೂ ನೇರ ನಂಟಿದೆ. 1951ರ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆದದ್ದು ನ್ಯೂ ಆರ್ಲಿಯನ್ಸ್‌ನಲ್ಲಿ, ಸೇಂಟ್ ಚಾರ್ಲ್ಸ್ ಹೋಟೆಲಿನಲ್ಲಿ. ಫ್ರಿಟ್ಜ್ ಲೈಬರ್ ಮುಖ್ಯ ಅತಿಥಿ. ಆದರೆ ಓದುಗರ ನೆನಪಿನಲ್ಲಿ ಉಳಿದದ್ದು ವೇದಿಕೆಗಿಂತ ಹೆಚ್ಚಾಗಿ 770ನೇ ನಂಬರಿನ ಕೋಣೆ. ಅಲ್ಲಿ ರಾತ್ರಿಯಿಡೀ ಜನ ಸೇರಿ ಹರಟಿದರು, ಆ ಕೋಣೆ ದಂತಕಥೆಯಾಯಿತು. 1978ರಲ್ಲಿ ಶುರುವಾದ ‘ಫೈಲ್ 770’ ಎಂಬ ಅಭಿಮಾನಿ ಪತ್ರಿಕೆ ಹೆಸರು ಪಡೆದದ್ದು ಅದರಿಂದಲೇ. ಸಮ್ಮೇಳನಗಳಿಗೆ ಹೋಗಿ ಬಂದವರಿಗೆ ಇದು ಅಚ್ಚರಿಯಲ್ಲ. ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲೂ ಒಳ್ಳೆಯ ಮಾತು ಊಟದ ಸಾಲಿನಲ್ಲೇ ಕೇಳಸಿಗುತ್ತದೆ.

ವಿಜ್ಞಾನ ಕಥೆಗಾರರಿಗೆ ಅಡುಗೆಯ ಬಗ್ಗೆ ಇದ್ದಷ್ಟು ಆತಂಕ ಬೇರೆ ಯಾರಿಗೂ ಇರಲಿಲ್ಲ ಎಂದು ನನಗೆ ಅನಿಸುತ್ತದೆ. ‘ದಿ ಸ್ಪೇಸ್ ಮರ್ಚಂಟ್ಸ್’ನಲ್ಲಿ ಜಾಹೀರಾತು ಕಂಪನಿಗಳು ಆಳುವ ಲೋಕಕ್ಕೆ ಮಾಂಸ ಬರುವುದು ಒಂದು ದೈತ್ಯ ಮುದ್ದೆಯಿಂದ. ಕೋಳಿಯ ಜೀವಕೋಶ ಬೆಳೆಯುತ್ತಲೇ ಇರುತ್ತದೆ, ಕೆಲಸಗಾರರು ಕೊಯ್ಯುತ್ತಲೇ ಇರುತ್ತಾರೆ. ಅಸಿಮೊವ್ 1976ರಲ್ಲಿ ‘ಗುಡ್ ಟೇಸ್ಟ್’ ಎಂಬ ಕಥೆ ಬರೆದರು. ಎಲ್ಲ ರುಚಿಯನ್ನೂ ಪ್ರಯೋಗಶಾಲೆಯಲ್ಲಿ ಕೂಡಿಸುವ ಲೋಕವೊಂದರಲ್ಲಿ ಯುವಕನೊಬ್ಬ ಅಡುಗೆ ಸ್ಪರ್ಧೆಗೆ ಯಾರೂ ಕಾಣದ ರುಚಿಯೊಂದನ್ನು ತರುತ್ತಾನೆ. ಅದು ಮಣ್ಣಿನಲ್ಲಿ ಬೆಳೆದ ಬೆಳ್ಳುಳ್ಳಿ ಎಂದು ತಿಳಿದೊಡನೆ ಜನ ಹೇಸಿ ಅವನನ್ನು ಹೊರಗಟ್ಟುತ್ತಾರೆ. ಕೇಜನ್ ಅಡುಗೆಮನೆಯಲ್ಲಿ ಈ ಕಥೆ ಓದಿ ಹೇಳಿದಾಗ ಬೆಳ್ಳುಳ್ಳಿ ಸುಲಿಯುತ್ತಿದ್ದವರು ಸುಲಿಯುವುದನ್ನು ನಿಲ್ಲಿಸಿ ಕೇಳಿದರು. ಅರ್ಸುಲಾ ಲೆ ಗ್ವಿನ್ 1985ರ ‘ಆಲ್ವೇಸ್ ಕಮಿಂಗ್ ಹೋಮ್’ ಕೃತಿಯಲ್ಲಿ ತಾವು ಕಲ್ಪಿಸಿದ ಕೇಶ್ ಜನರ ಅಡುಗೆಗಳನ್ನು ಮಾಡುವ ವಿಧಾನ ಸಮೇತ ಕೊಟ್ಟಿದ್ದಾರೆ. ಇಲ್ಲದ ಜನರ ಊಟವನ್ನು ನಮ್ಮ ಒಲೆಯ ಮೇಲೆ ಬೇಯಿಸಬಹುದು. ಆ್ಯನ್ ಮೆಕ್‌ಕ್ಯಾಫ್ರಿ 1973ರಲ್ಲಿ ವಿಜ್ಞಾನ ಕಥೆಗಾರರಿಂದಲೇ ಅಡುಗೆಗಳನ್ನು ಕೇಳಿ ತರಿಸಿ ಒಂದು ಪುಸ್ತಕ ಸಂಪಾದಿಸಿದ್ದರು. ನಮ್ಮ ಗುಂಪು ಮಾಡುತ್ತಿದ್ದುದನ್ನು ನಮಗಿಂತ ಬಹಳ ಮುಂಚೆ ಮಾಡಿದವರಿದ್ದರು.

ಈ ಎರಡು ದಾರಿಗಳು ನಿಜವಾಗಿ ಕೂಡಿದ್ದು 2005ರಲ್ಲಿ. ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಡಿಯಿತು, ಒಡ್ಡುಗಳು ಒಡೆದವು, ನ್ಯೂ ಆರ್ಲಿಯನ್ಸ್ ನಗರದ ಶೇಕಡಾ 80ರಷ್ಟು ಭಾಗ ನೀರಿನಲ್ಲಿ ಮುಳುಗಿತು. ಸತ್ತವರ, ಮನೆ ಕಳೆದುಕೊಂಡವರ ಸಂಕಟದ ಮುಂದೆ ಅಡುಗೆ ಚೀಟಿಯ ಮಾತು ಸಣ್ಣದು ಎನಿಸಬಹುದು. ಮರಳಿ ಬಂದವರಿಗೆ ಹಾಗೆ ಅನಿಸಲಿಲ್ಲ. ದಶಕಗಳಿಂದ ‘ಟೈಮ್ಸ್-ಪಿಕಯೂನ್’ ಪತ್ರಿಕೆಯಿಂದ ಕತ್ತರಿಸಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ ಚೀಟಿಗಳು, ತಾಯಿ ಕೈಬರಹದ ಕಾರ್ಡುಗಳು ಕೆಸರಾಗಿದ್ದವು. ಅವರು ಪತ್ರಿಕೆಗೆ ಬರೆದರು: ಇಂಥ ಅಡುಗೆ ಕಳೆದುಹೋಗಿದೆ, ಯಾರ ಬಳಿಯಾದರೂ ಇದೆಯೇ? ಪತ್ರಿಕೆ ಆ ಕೋರಿಕೆಗಳನ್ನು ಅಚ್ಚು ಹಾಕಿತು. ಇನ್ಯಾರದೋ ಡಬ್ಬಿಯಲ್ಲಿ ಒಣಗಿ ಉಳಿದಿದ್ದ ಚೀಟಿ ಉತ್ತರವಾಗಿ ಬಂತು. ಪತ್ರಿಕೆಯ ಅಡುಗೆ ಸಂಪಾದಕಿ ಜೂಡಿ ವಾಕರ್ ಮತ್ತು ಆಗಲೇ ಹೇಳಿದ ಮಾರ್ಸೆಲ್ ಬಿಯೆನ್ವೆನ್ಯೂ ಅವನ್ನೆಲ್ಲ ಸೇರಿಸಿ 2008ರಲ್ಲಿ ‘ಕುಕಿಂಗ್ ಅಪ್ ಎ ಸ್ಟಾರ್ಮ್’ ಪುಸ್ತಕ ತಂದರು.

ನಮ್ಮ ಗುಂಪಿನಲ್ಲಿ ಆ ಪುಸ್ತಕವನ್ನು ತೆರೆದವರೆಲ್ಲ ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ ನೆನೆಸಿಕೊಂಡರು. 1953ರ ಆ ಕಾದಂಬರಿಯಲ್ಲಿ ಪುಸ್ತಕ ಸುಡುವ ಸರ್ಕಾರದಿಂದ ತಪ್ಪಿಸಿಕೊಂಡವರು ಊರಾಚೆ ಬದುಕುತ್ತಾರೆ, ಒಬ್ಬೊಬ್ಬರು ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ನಾನು ನೆನೆಸಿಕೊಂಡದ್ದು ವಾಲ್ಟರ್ ಮಿಲ್ಲರ್ ಬರೆದ ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಜ್’. ಅಣುಯುದ್ಧದಲ್ಲಿ ನಾಗರಿಕತೆ ನಾಶವಾದ ಶತಮಾನಗಳ ಮೇಲೆ ಸನ್ಯಾಸಿಗಳು ಹಳೆಯ ಕಾಗದಗಳನ್ನು ಪವಿತ್ರವೆಂದು ಕಾಯುತ್ತಿರುತ್ತಾರೆ. ಅವುಗಳಲ್ಲಿ ಒಂದು, ಮನೆಗೆ ತರಬೇಕಾದ ತಿನಿಸಿನ ಪಟ್ಟಿ. ಎಳೆಯ ವಯಸ್ಸಿನಲ್ಲಿ ಓದಿದಾಗ ಅದು ಲೇಖಕರ ವಿನೋದ ಎಂದುಕೊಂಡಿದ್ದೆ. ಪ್ರವಾಹದ ಪುಸ್ತಕ ಓದಿದ ಮೇಲೆ ಆ ಸನ್ಯಾಸಿಗಳು ಮಾಡಿದ್ದು ಪೂರ್ತಿ ಸರಿ ಎನಿಸಿತು. ಆ ಪಟ್ಟಿಯಲ್ಲಿ ಒಬ್ಬ ಮನುಷ್ಯ ತನ್ನ ಮನೆಯವರಿಗಾಗಿ ಏನು ಒಯ್ಯುತ್ತಿದ್ದ ಎಂಬುದಿದೆ. ಕಾಯಲು ಅದಕ್ಕಿಂತ ಯೋಗ್ಯವಾದ ಕಾಗದ ಯಾವುದಿದೆ?

ಒಂದು ಸಣ್ಣ ಸಂಗತಿ ಹೇಳಿ ಮುಗಿಸುವ ಕಡೆಗೆ ಬರುತ್ತೇನೆ. 2006ರಲ್ಲಿ ನ್ಯೂ ಆರ್ಲಿಯನ್ಸ್‌ನ ಬಾಣಸಿಗ ಎಮೆರಿಲ್ ಲಗಾಸೆ ಅವರ ಜಂಬಲಾಯಾ, ಅಂದರೆ ಮಾಂಸ ಸೇರಿಸಿ ಬೇಯಿಸಿದ ಖಾರದ ಅನ್ನ, ಡಿಸ್ಕವರಿ ನೌಕೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಅಲ್ಲಿ ಭಾರವಿಲ್ಲದ ಸ್ಥಿತಿಯಲ್ಲಿ ದೇಹದ ದ್ರವ ತಲೆಯ ಕಡೆಗೆ ಏರಿ ನೆಗಡಿಯಾದಂತೆ ಮೂಗು ಕಟ್ಟುತ್ತದೆ, ರುಚಿ ಮಂದವಾಗುತ್ತದೆ, ಗಗನಯಾತ್ರಿಗಳು ಖಾರ ಕೇಳುತ್ತಾರೆ. ಕತ್ರೀನಾ ಬಂದು ವರ್ಷ ತುಂಬುವ ಮೊದಲು ಲೂಸಿಯಾನಾದ ಅನ್ನ ಭೂಮಿಯನ್ನು ಸುತ್ತಿತು. ಈ ಸುದ್ದಿ ನಮ್ಮ ಗುಂಪಿನಲ್ಲಿ ಎಷ್ಟು ಸಂಭ್ರಮ ತಂದಿತೆಂದು ನೀವು ಊಹಿಸಬಹುದು.

ಬಾಗಿಲ ಬಳಿಯ ಮೇಜಿನ ಮೇಲೆ ಹಾಳೆಗಳನ್ನು ಇಟ್ಟಿದ್ದೇನೆ. ಒಂದು ಬದಿಯಲ್ಲಿ ಸೊಪ್ಪಿನ ಗಂಬೋ ಮಾಡುವ ಬಗೆ ಇದೆ, ಸಸ್ಯಾಹಾರಿಗಳಿಗೂ ಆಗುತ್ತದೆ. ದಂಟು, ಪಾಲಕ್, ಮೂಲಂಗಿ ಸೊಪ್ಪು ಯಾವುದೂ ನಡೆಯುತ್ತದೆ. ಇನ್ನೊಂದು ಬದಿಯಲ್ಲಿ ನಾನು ಈಗ ಹೆಸರಿಸಿದ ಪುಸ್ತಕಗಳಿವೆ. ಜೊತೆಗೆ ಕ್ಲಿಫರ್ಡ್ ಸಿಮಾಕ್ 1963ರಲ್ಲಿ ಬರೆದ ‘ವೇ ಸ್ಟೇಷನ್’ ಸೇರಿಸಿದ್ದೇನೆ. ಹಳ್ಳಿಯ ತೋಟದ ಮನೆಯಲ್ಲಿ ಒಂಟಿ ರೈತನೊಬ್ಬ ಬೇರೆ ನಕ್ಷತ್ರಗಳ ಪ್ರಯಾಣಿಕರಿಗೆ ತಂಗಲು ಜಾಗ ಕೊಡುವ ಕಥೆ ಅದು, ಮೊದಲ ಸಲ ಓದುವವರು ಅದರಿಂದಲೇ ಶುರುಮಾಡಿ. ಹಾಳೆಯ ಕೆಳಗೆ ಅರ್ಧ ಜಾಗ ಖಾಲಿ ಬಿಟ್ಟಿದೆ. ನಿಮ್ಮ ಮನೆಯ ಒಂದು ಅಡುಗೆ, ನೀವು ಯಾರಿಗಾದರೂ ಓದಲು ಒತ್ತಾಯಿಸುವ ಒಂದು ಪುಸ್ತಕ ಬರೆದು, ಕೆಳಗೆ ಹೆಸರು ಹಾಕಿ, ಪಕ್ಕದಲ್ಲಿ ಕೂತವರಿಗೆ ಕೊಡಿ. ಪ್ರಶ್ನೆಗಳಿದ್ದರೆ ಈಗ ತೆಗೆದುಕೊಳ್ಳುತ್ತೇನೆ.