ಸಾಮಾನ್ಯ ಸಭೆ ನಡೆಯಲಿ



ರಾಜ್ಯದ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳ ಹಾಲಿ ಮತ್ತು ಮಾಜಿ ಸದಸ್ಯರ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಒಂದು ನಗರಸಭೆಯಲ್ಲಿ ಸದಸ್ಯಳಾಗಿ, ಆಮೇಲೆ ಅಧ್ಯಕ್ಷೆಯಾಗಿ ಕೆಲಸ ಮಾಡಿದವಳು ನಾನು. ನೀರು, ಕಸ, ಒಳಚರಂಡಿ, ಖಾತೆ, ಬೀದಿದೀಪ, ಸಂತೆ ಮೈದಾನ, ಸ್ಮಶಾನ ಎಂದು ನಮ್ಮ ಕಷ್ಟಗಳನ್ನು ಹೇಳುತ್ತಾ ಹೋದರೆ ಸಂಜೆಯಾದರೂ ಮುಗಿಯುವುದಿಲ್ಲ. ಆದ್ದರಿಂದ ಒಂದೇ ವಿಷಯವನ್ನು ಹಿಡಿದು ಮಾತಾಡುತ್ತೇನೆ. ಅದು ನಮ್ಮ ತಿಂಗಳ ಸಾಮಾನ್ಯ ಸಭೆ. ಮಿಕ್ಕ ಕಷ್ಟಗಳೆಲ್ಲ ಪರಿಹಾರಕ್ಕಾಗಿ ಬಂದು ನಿಲ್ಲಬೇಕಾದ ಜಾಗ ಅದು. ಅಂಥ ಜಾಗವೇ ನಮ್ಮ ಕೈ ತಪ್ಪುತ್ತಿದೆ ಎಂಬುದು ನನ್ನ ಆತಂಕ.

ಒಂದು ಊರಿನ ಸಭೆಗೆ ಎಷ್ಟು ಶಕ್ತಿ ಇರಬಹುದು ಎನ್ನುವುದಕ್ಕೆ ಉಡುಪಿಯನ್ನು ನೆನೆಯಬೇಕು. ವೈದ್ಯರಾಗಿದ್ದ ಡಾ. ವಿ.ಎಸ್. ಆಚಾರ್ಯ 1968ರಲ್ಲಿ ಅಲ್ಲಿನ ಪುರಸಭೆಯ ಅಧ್ಯಕ್ಷರಾದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಅವರ ಅವಧಿಯಲ್ಲಿ ಆ ಪುರಸಭೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಊರಿನಿಂದ ತೆಗೆದುಹಾಕಿತು. ದೇವರಾಜ ಅರಸು ಅವರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ಇಡೀ ರಾಜ್ಯದಲ್ಲಿ ಈ ಪದ್ಧತಿಯನ್ನು ನಿಷೇಧಿಸಲು ಹೊರಟದ್ದು ಎಪ್ಪತ್ತರ ದಶಕದಲ್ಲಿ. ಸಂಸತ್ತು ಕಾನೂನು ಮಾಡಿದ್ದು 1993ರಲ್ಲಿ, ಅದನ್ನು ಬಲಪಡಿಸಿದ್ದು 2013ರಲ್ಲಿ. ದೆಹಲಿಗಿಂತ ಎರಡು ದಶಕ ಮೊದಲೇ ಕರಾವಳಿಯ ಒಂದು ಸಣ್ಣ ಊರಿನ ಪುರಸಭೆ ಇದನ್ನು ಮಾಡಿತ್ತು.

ಇಂಥ ಠರಾವು ಬರೆಯುವುದು ಸುಲಭ, ಜಾರಿಗೆ ತರುವುದು ಎಷ್ಟು ಕಷ್ಟ ಎಂಬುದು ಸಭೆಯಲ್ಲಿ ಕೂತು ಬಂದ ನಿಮಗೆ ಗೊತ್ತು. ಮನೆ ಮನೆಯ ಹಿತ್ತಲಿನ ಕಕ್ಕಸನ್ನು ಬದಲಿಸಬೇಕು. ಬದಲಿಸಲು ಹಣವಿಲ್ಲದವರಿಗೆ ದಾರಿ ತೋರಿಸಬೇಕು. ಗುಂಡಿ ತೋಡಲು ಜಾಗವಿಲ್ಲದ ಓಣಿಗಳಿಗೆ ಬೇರೆ ಏರ್ಪಾಡು ಮಾಡಬೇಕು. ಆ ಕೆಲಸ ಮಾಡುತ್ತಿದ್ದವರಿಗೆ ಬೇರೆ ಕೆಲಸ ಕೊಡಬೇಕು. ‘ತಲೆಮಾರುಗಳಿಂದ ನಡೆದು ಬಂದದ್ದು, ಈಗೇನು ಅವಸರ’ ಎನ್ನುವ ಗಣ್ಯರ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು. ಆ ಬೀದಿಗಳನ್ನು ಬಲ್ಲವರು, ಆ ಮನೆಗಳ ಮತ ಪಡೆದು ಗೆದ್ದವರು, ನಾಳೆ ಮತ್ತೆ ಅದೇ ಬೀದಿಯಲ್ಲಿ ಮುಖ ತೋರಿಸಬೇಕಾದವರು ಮಾತ್ರ ಇದನ್ನು ಮಾಡಬಲ್ಲರು. ವರ್ಷಕ್ಕೊಮ್ಮೆ ವರ್ಗವಾಗಿ ಹೋಗುವ ಅಧಿಕಾರಿ ಎಷ್ಟೇ ಪ್ರಾಮಾಣಿಕರಾಗಿರಲಿ, ಈ ಕೆಲಸವನ್ನು ಅವರೊಬ್ಬರಿಂದ ನಿರೀಕ್ಷಿಸಲಾಗದು.

ಇಂಥ ಸಭೆಗಳಿಗೆ ಇಂದು ಏನಾಗಿದೆ ನೋಡಿ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಜನ ಸಾಲಿನಲ್ಲಿ ನಿಂತು ವೋಟು ಹಾಕಿದರು, ನಮ್ಮಲ್ಲಿ ಅನೇಕರು ಗೆದ್ದರು, ಹಾರ ಹಾಕಿಸಿಕೊಂಡರು. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವಿಷಯ ಕೋರ್ಟಿಗೆ ಹೋಯಿತು. ಬಹುಪಾಲು ಪುರಸಭೆ, ನಗರಸಭೆಗಳಲ್ಲಿ ಗೆದ್ದ ಸದಸ್ಯರು ಸಭೆಯಲ್ಲಿ ಕೂರಲು ಸುಮಾರು ಎರಡು ವರ್ಷ ಕಾಯಬೇಕಾಯಿತು. ಆ ಎರಡು ವರ್ಷಗಳಲ್ಲಿ ವಾರ್ಡಿನ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಬಂದು ‘ಅಕ್ಕಾ, ನೀರು ಬಿಡಿಸಿ’ ಎಂದರೆ ಸದಸ್ಯೆ ಏನು ಉತ್ತರ ಹೇಳಬೇಕಿತ್ತು? ವಾಲ್ವ್‌ಮನ್‌ಗೆ ಫೋನು ಮಾಡುವ ಹಕ್ಕೂ ಅವಳಿಗೆ ಇರಲಿಲ್ಲ. ಅಧ್ಯಕ್ಷ ಸ್ಥಾನದ ಮೊದಲ 30 ತಿಂಗಳ ಅವಧಿ ಮುಗಿದ ಮೇಲೂ ಇದೇ ಕಥೆ. ಎರಡನೇ ಅವಧಿಯ ಮೀಸಲಾತಿ ಪಟ್ಟಿಗಾಗಿ ತಿಂಗಳುಗಟ್ಟಲೆ ಕಾದೆವು. ಕಚೇರಿಯಲ್ಲಿ ಆಡಳಿತಾಧಿಕಾರಿಯ ಸಹಿ ನಡೆಯುತ್ತಿತ್ತು.

ಮಹಾನಗರಗಳ ಪಾಡು ಇನ್ನೂ ಕೆಟ್ಟದ್ದು. ಮೈಸೂರು ಪಾಲಿಕೆಯ ಅವಧಿ 2023ರ ನವೆಂಬರಿನಲ್ಲಿ ಮುಗಿದು ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲನೆಯದೆನಿಸಿಕೊಂಡ ಊರು ಅದು. ಬೆಂಗಳೂರಿನ 198 ವಾರ್ಡುಗಳ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾಗುವವರೆಗೆ, ಐದು ವರ್ಷ, ಕೋಟಿಗೂ ಮೀರಿದ ಜನರ ಪರವಾಗಿ ಕೇಳಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. ವಾರ್ಡು ವಿಂಗಡಣೆ, ಮೀಸಲಾತಿ, ಹೊಸ ಕಾಯ್ದೆ ಎಂದು ಒಂದರ ಹಿಂದೆ ಒಂದು ಕಾರಣ ಬಂತು. ಮಳೆ ಬಂದಾಗ ಬಡಾವಣೆಗಳಲ್ಲಿ ನೀರು ನಿಂತಿತು. ಯಾರನ್ನು ಕೇಳಬೇಕೆಂದು ಜನಕ್ಕೆ ತಿಳಿಯಲಿಲ್ಲ.

ಇದು ಯಾವುದೇ ಒಂದು ಪಕ್ಷದ ತಪ್ಪಲ್ಲ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಆ ವರ್ಷಗಳಲ್ಲಿ ಸರ್ಕಾರಗಳು ಬದಲಾದವು, ಪರಿಸ್ಥಿತಿ ಬದಲಾಗಲಿಲ್ಲ. ಚುನಾಯಿತ ಸಭೆಯಿಲ್ಲದೆ ಹೀಗೆ ವರ್ಷಗಟ್ಟಲೆ ಆಡಳಿತ ನಡೆಸಲು ಸಂವಿಧಾನದಲ್ಲಿ ಅವಕಾಶವೇ ಇಲ್ಲ. 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ನಗರಾಡಳಿತದ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು, ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗೆ ಮುಗಿಯಬೇಕು ಎಂದು 243-ಯು ವಿಧಿ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿ, ಮಧ್ಯಪ್ರದೇಶದ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ವಾರ್ಡು ವಿಂಗಡಣೆ ಮುಗಿದಿಲ್ಲ ಎಂಬುದು ಚುನಾವಣೆ ಮುಂದೂಡಲು ಕಾರಣವಾಗದು ಎಂದಿತು. ವಿಧಾನಸಭೆಗೆ ಹೀಗೆ ಎರಡು ವರ್ಷ ಬೀಗ ಹಾಕಿದ್ದರೆ ನಾಡು ಸುಮ್ಮನಿರುತ್ತಿತ್ತೇ? ಪುರಸಭೆಗೆ ಹಾಕಿದರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ.

ಇನ್ನು ಸಭೆ ನಡೆಯುವ ಕಡೆಯ ಸಂಗತಿ. ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಸೇರಬೇಕೆಂಬುದು ಕಾಯ್ದೆ. ನಮ್ಮಲ್ಲಿ ಎಷ್ಟು ಕಡೆ ಇದು ತಪ್ಪದೆ ನಡೆಯುತ್ತಿದೆ? ಎದೆ ಮುಟ್ಟಿಕೊಂಡು ಹೇಳೋಣ. ಮೂರು ತಿಂಗಳಿಗೊಮ್ಮೆ ಕರೆಯುವುದು, ನೂರು ವಿಷಯಗಳ ಕಾರ್ಯಸೂಚಿಯನ್ನು ಹಿಂದಿನ ದಿನ ಸಂಜೆ ಕಳಿಸುವುದು, ಹಿಂದಿನ ನಡಾವಳಿ ಓದಿ ದೃಢೀಕರಿಸುವಷ್ಟರಲ್ಲಿ ಗದ್ದಲ ಎದ್ದು ಸಭೆ ಮುಂದಕ್ಕೆ ಹೋಗುವುದು, ಉಳಿದ ವಿಷಯಗಳೆಲ್ಲ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ನಡಾವಳಿ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದು. ನಾನು ಕೆಲಸ ಮಾಡಿದ ಊರಿನಲ್ಲೂ ಹೀಗೇ ಇತ್ತು. ಹೊಸ ಬಡಾವಣೆಯೊಂದರ ಉದ್ಯಾನದ ಜಾಗ ಚರ್ಚೆಯೇ ಇಲ್ಲದೆ ಬೇರೆ ಉದ್ದೇಶಕ್ಕೆ ಬದಲಾಗಿತ್ತು. ವಿಷಯ ನಮ್ಮ ಗಮನಕ್ಕೆ ಬರುವಷ್ಟರಲ್ಲಿ ತಳಪಾಯ ಎದ್ದಿತ್ತು. ಆಮೇಲೆ ನಾವು ಕೆಲವರು ಪಟ್ಟು ಹಿಡಿದೆವು. ಕಾರ್ಯಸೂಚಿಯ ಜೊತೆ ಪ್ರತಿ ವಿಷಯದ ಟಿಪ್ಪಣಿ, ನಕ್ಷೆ, ಅಂದಾಜು ಪಟ್ಟಿ ಮುಂಚಿತವಾಗಿ ಕೈಗೆ ಸಿಗಬೇಕು, ಇಲ್ಲದಿದ್ದರೆ ಆ ವಿಷಯ ಎತ್ತಿಕೊಳ್ಳುವಂತಿಲ್ಲ ಎಂದೆವು. ಇದಕ್ಕೆ ಹೊಸ ಕಾನೂನು ಬೇಕಾಗಲಿಲ್ಲ. ಹತ್ತು ಸದಸ್ಯರ ಒಗ್ಗಟ್ಟು ಸಾಕಾಯಿತು.

ಸಭೆಗೆ ಬರುವ ವಿಷಯಗಳೇ ಕಡಿಮೆಯಾಗುತ್ತಿವೆ ಎಂಬುದು ಇದಕ್ಕಿಂತ ದೊಡ್ಡ ಸಂಕಟ. ಸಂವಿಧಾನದ 12ನೇ ಅನುಸೂಚಿ 18 ಕೆಲಸಗಳನ್ನು ಪಟ್ಟಿ ಮಾಡಿ ನಗರಾಡಳಿತಕ್ಕೆ ವಹಿಸಬಹುದು ಎಂದಿದೆ. ಅದರಲ್ಲಿ ಮೊದಲನೆಯದೇ ನಗರ ಯೋಜನೆ. ನಮ್ಮ ಊರುಗಳಲ್ಲಿ ಅದು ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿದೆ. ನೀರಿನ ದೊಡ್ಡ ಯೋಜನೆಗಳು, ಒಳಚರಂಡಿ ಎರಡೂ ರಾಜ್ಯದ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಕೈಯಲ್ಲಿ. ರಸ್ತೆ ಅಗೆದವರು ಒಬ್ಬರು, ಮುಚ್ಚಬೇಕಾದವರು ಇನ್ನೊಬ್ಬರು, ಬೈಸಿಕೊಳ್ಳುವವರು ನಾವು. ಹುಬ್ಬಳ್ಳಿ-ಧಾರವಾಡವನ್ನೇ ನೋಡಿ. ಅಲ್ಲಿ ನೀರು ಸರಬರಾಜಿನ ನಿರ್ವಹಣೆ ಪಾಲಿಕೆಯಿಂದ ಮಂಡಳಿಗೆ ಹೋಯಿತು. 2008ರ ಸುಮಾರಿಗೆ ಅಲ್ಲಿ, ಬೆಳಗಾವಿಯಲ್ಲಿ, ಕಲಬುರಗಿಯಲ್ಲಿ ಆಯ್ದ ಕೆಲವು ಭಾಗಗಳಿಗೆ ದಿನದ 24 ತಾಸೂ ನೀರು ಹರಿಯಿತು. ಆ ಯೋಜನೆಯಿಂದ ಕಲಿಯುವಂಥದ್ದು ಬಹಳ ಇದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಪಕ್ಕದ ಓಣಿಯವರು ಹಲವು ದಿನಕ್ಕೊಮ್ಮೆ ಬರುವ ನೀರಿಗಾಗಿ ಡ್ರಮ್ಮು ತುಂಬಿಸಿಕೊಳ್ಳುತ್ತಾ ವರ್ಷಗಟ್ಟಲೆ ಕಾದರು. ಮುಂದಿನ ಸರದಿ ಯಾವ ಓಣಿಯದು, ಯಾಕೆ ಎಂಬುದು ಜನಪ್ರತಿನಿಧಿಗಳ ಸಭೆಯಲ್ಲಿ, ಎಲ್ಲರ ಎದುರು ತೀರ್ಮಾನವಾಗಬೇಕಾದ ಮಾತು.

ಹಣದ ವಿಚಾರಕ್ಕೆ ಬರೋಣ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಸಣ್ಣ, ಮಧ್ಯಮ ಊರುಗಳ ಪಾಲಿನ ಶೇ. 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಊರು ತನ್ನ ಅಗತ್ಯ ನೋಡಿಕೊಂಡು ಖರ್ಚು ಮಾಡಲು ಉಳಿದದ್ದು ಶೇ. 40. ರಾಜ್ಯದ ವಿಶೇಷ ಯೋಜನೆಗಳ ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಗಬೇಕಾದರೆ ಕಡತ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗಿ ಬರಬೇಕು. ನಿಜವಾಗಿ ನಮ್ಮದು ಎನ್ನಬಹುದಾದ ಹಣ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ. ಇಲ್ಲಿ ನಮ್ಮ ಹೊಣೆಯನ್ನೂ ಒಪ್ಪಿಕೊಳ್ಳಬೇಕು. ಬಸ್ ನಿಲ್ದಾಣದ ಪಕ್ಕದ ಪುರಸಭೆ ಮಳಿಗೆ ಹಳೆಯ ಬಾಡಿಗೆಯಲ್ಲೇ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗುತ್ತಿದ್ದರೆ, ಹರಾಜು ಹಾಕಿ ಎಂದು ಸಭೆಯಲ್ಲಿ ಎದ್ದು ಹೇಳಿದವರು ನಮ್ಮಲ್ಲಿ ಎಷ್ಟು ಜನ? ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿ ಪಡೆದು ತೆರಿಗೆ ಕಟ್ಟುವವರು ಹೆಚ್ಚಾಗಿ ಸಣ್ಣ ಮನೆಗಳವರು. ದೊಡ್ಡ ಕಲ್ಯಾಣ ಮಂಟಪಗಳ, ವಾಣಿಜ್ಯ ಕಟ್ಟಡಗಳ ಬಾಕಿ ಪಟ್ಟಿಯನ್ನು ಸಭೆಯ ಮುಂದೆ ಇಡಿಸಿ. ಸರ್ಕಾರದ ಮುಂದೆ ಕೈಯೊಡ್ಡುವ ಮೊದಲು ಮಾಡಬೇಕಾದ ಕೆಲಸ ಇದು.

ಸಹೋದರಿಯರೇ, ನಿಮ್ಮೊಡನೆ ಎರಡು ಮಾತು. ನಮ್ಮ ರಾಜ್ಯದ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಸಿಕ್ಕಿದೆ. ಆದರೂ ಅನೇಕ ಕಡೆ ಅಧ್ಯಕ್ಷೆಯ ಕುರ್ಚಿಯ ಪಕ್ಕ ಅವರ ಯಜಮಾನರಿಗೊಂದು ಕುರ್ಚಿ ಬೀಳುತ್ತದೆ. ಗುತ್ತಿಗೆದಾರರು ನೇರವಾಗಿ ಅವರ ಜೊತೆ ಮಾತಾಡುತ್ತಾರೆ. ಇದನ್ನು ನಿಲ್ಲಿಸುವುದು ಬೇರೆ ಯಾರಿಗೂ ಸಾಧ್ಯವಿಲ್ಲ, ನಮಗೇ ಸಾಧ್ಯ. ಮೊದಲ ಆರು ತಿಂಗಳು ಭಯವಾಗುತ್ತದೆ, ನನಗೂ ಆಗಿತ್ತು. ಟೆಂಡರ್ ಕಡತ, ಎಂಜಿನಿಯರರ ಅಳತೆ ಪುಸ್ತಕ ಯಾವುದೂ ಅರ್ಥವಾಗುವುದಿಲ್ಲ. ಕೇಳಿ. ಅರ್ಥವಾಗುವವರೆಗೆ ಕೇಳಿ. ಒಂದು ಚರಂಡಿಯ ಉದ್ದ ಕಾಗದದಲ್ಲಿ ಎಷ್ಟಿದೆ, ಬೀದಿಯಲ್ಲಿ ಎಷ್ಟಿದೆ ಎಂದು ಟೇಪು ಹಿಡಿದು ಅಳೆಸಿ ನೋಡಿದ ದಿನ ಕಚೇರಿಯಲ್ಲಿ ನಿಮ್ಮನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಪೌರಕಾರ್ಮಿಕರ ಬಗ್ಗೆ ಹೇಳದೆ ಈ ಭಾಷಣ ಮುಗಿಸಿದರೆ ನನಗೆ ಸಮಾಧಾನವಿರದು. ಐನೂರು ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕೆಂದು ಐ.ಪಿ.ಡಿ. ಸಾಲಪ್ಪ ಸಮಿತಿ ಎಪ್ಪತ್ತರ ದಶಕದಲ್ಲೇ ಹೇಳಿತ್ತು. ಸರ್ಕಾರ ಮುಂದೆ ಅದನ್ನು ಏಳುನೂರಕ್ಕೆ ಒಬ್ಬರು ಎಂದು ಸಡಿಲಿಸಿತು. ಬಹಳ ಹೋರಾಟದ ಮೇಲೆ ಗುತ್ತಿಗೆ ಪದ್ಧತಿ ಹೋಗಿ ನೇರ ಪಾವತಿ ಬಂತು, ಸಾವಿರಾರು ಜನರ ಕೆಲಸ ಕಾಯಂ ಆಯಿತು. ಆದರೆ ಕಸದ ವಾಹನದ ಚಾಲಕರು, ಲೋಡರ್‌ಗಳು, ಒಳಚರಂಡಿ ಸಿಬ್ಬಂದಿಯಲ್ಲಿ ಅನೇಕರು ಈಗಲೂ ಹೊರಗೇ ಉಳಿದಿದ್ದಾರೆ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಾಚರಣೆ ಮಾಡಿ ಶಾಲು ಹೊದಿಸುತ್ತೇವೆ, ಮಾಡೋಣ. ಅದರ ಜೊತೆಗೆ ಅವರ ಭವಿಷ್ಯ ನಿಧಿ ಕಟ್ಟಲಾಗಿದೆಯೇ, ಕೈಗವಸು, ಬೂಟು ಬಂದಿವೆಯೇ, ಬೆಳಗ್ಗೆ ಐದು ಗಂಟೆಗೆ ಪೊರಕೆ ಹಿಡಿಯುವ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು, ಶೌಚಕ್ಕೆ ವಾರ್ಡಿನಲ್ಲಿ ಒಂದು ಕೋಣೆ ಇದೆಯೇ ಎಂಬುದು ಪ್ರತಿ ತಿಂಗಳ ಕಾರ್ಯಸೂಚಿಯಲ್ಲಿ ಇರಲಿ. ಆ ಬೀದಿಗಳ ಸ್ಥಿತಿ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆರೋಗ್ಯ ಸ್ಥಾಯಿ ಸಮಿತಿಗಳು ಅವರನ್ನು ಕರೆದು ಕೂರಿಸಿ ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ತಿಳಿಯುತ್ತದೆ.

ಮೂರು ಲಕ್ಷ ಜನಸಂಖ್ಯೆ ದಾಟಿದ ನಗರಗಳಲ್ಲಿ ವಾರ್ಡು ಸಮಿತಿ ಇರಲೇಬೇಕೆಂದು ಸಂವಿಧಾನ ಹೇಳುತ್ತದೆ. ಸಣ್ಣ ಊರುಗಳಿಗೆ ಆ ಕಡ್ಡಾಯವಿಲ್ಲ. ಕಡ್ಡಾಯವಿಲ್ಲದಿದ್ದರೂ ಯಾರೂ ತಡೆದಿಲ್ಲವಲ್ಲ! ತಿಂಗಳ ಸಭೆಗೆ ಎರಡು ದಿನ ಮೊದಲು ವಾರ್ಡಿನ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಕಟ್ಟೆಯಲ್ಲೋ ಜನರನ್ನು ಸೇರಿಸಿ, ಈ ಸಲ ಸಭೆಯಲ್ಲಿ ಏನು ಕೇಳಬೇಕೆಂದು ಕೇಳಿ. ಸಭೆ ಮುಗಿದ ಮೇಲೆ ಅದೇ ಜಾಗಕ್ಕೆ ಹೋಗಿ ಏನಾಯಿತೆಂದು ಹೇಳಿ. ಆಗದಿದ್ದರೆ ಯಾಕೆ ಆಗಲಿಲ್ಲ ಎಂದೂ ಹೇಳಿ. ನಡಾವಳಿಯ ಪ್ರತಿಯನ್ನು ಅಲ್ಲಿನ ಗೋಡೆಗೆ ಅಂಟಿಸಿ. ಚುನಾವಣೆ ಮುಂದಕ್ಕೆ ಹೋದಾಗ ‘ನಮ್ಮ ಸಭೆ ಎಲ್ಲಿ’ ಎಂದು ಕೇಳುವ ಜನ ಹೀಗೆಯೇ ತಯಾರಾಗಬೇಕು. ಜನಕ್ಕೆ ಬೇಡವಾದ ಸಭೆಯನ್ನು ಯಾವ ಸರ್ಕಾರವೂ ತಾನಾಗಿ ಕರೆಯುವುದಿಲ್ಲ.

ನನ್ನ ಮಾತು ಇಷ್ಟು. ಎರಡು ಠರಾವುಗಳ ಕರಡು ನಿಮ್ಮ ಕೈಯಲ್ಲಿದೆ. ಅವಧಿ ಮುಗಿಯುವ ಆರು ತಿಂಗಳ ಮೊದಲೇ ವಾರ್ಡು ವಿಂಗಡಣೆ, ಮೀಸಲಾತಿ ಎರಡೂ ಮುಗಿಯಬೇಕು, ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಐದೂ ವರ್ಷಕ್ಕೆ ಒಂದೇ ಸಲ ಪ್ರಕಟವಾಗಬೇಕು ಎಂಬುದು ಸರ್ಕಾರಕ್ಕೆ. ತಿಂಗಳ ಸಭೆ ತಪ್ಪಿಸುವುದಿಲ್ಲ, ಟಿಪ್ಪಣಿ ಇಲ್ಲದ ವಿಷಯಕ್ಕೆ ಕೈ ಎತ್ತುವುದಿಲ್ಲ ಎಂಬುದು ನಮಗೆ ನಾವೇ. ಎರಡನೆಯದರ ಮೇಲೆ ಹೆಚ್ಚು ಚರ್ಚೆಯಾಗಲಿ, ಭಿನ್ನಾಭಿಪ್ರಾಯ ಇದ್ದವರು ಸಂಕೋಚವಿಲ್ಲದೆ ಎದ್ದು ಹೇಳಿ, ಅದನ್ನೂ ನಡಾವಳಿಯಲ್ಲಿ ಬರೆಸುತ್ತೇನೆ. ಈಗ ಮೊದಲನೆಯ ಠರಾವನ್ನು ಮಂಡಿಸಬೇಕೆಂದು ಸಂಚಾಲಕರನ್ನು ಕೋರುತ್ತೇನೆ.