ದಾರಿಯ ಹಕ್ಕು ಮತ್ತು ದಾರಿಹೋಕನ ಹಕ್ಕು



ಬಡಾವಣೆಯ ರಸ್ತೆಗಳಲ್ಲಿ ವಾಹನಗಳ ವೇಗ ತಗ್ಗಿಸುವುದು ಹೇಗೆಂದು ಜನಾಭಿಪ್ರಾಯ ಕೇಳಿದಾಗ ನಮ್ಮಿಂದ ಹೋಗುವ ಉತ್ತರ ಸಾಮಾನ್ಯವಾಗಿ ಒಂದೇ: 'ಇಲ್ಲೊಂದು ಹಂಪ್ ಹಾಕಿಸಿ.' ಅದಕ್ಕಿಂತ ಹೆಚ್ಚಿನದನ್ನು ಕೇಳಲು ನಾವು ಕಲಿಯಬೇಕಾಗಿದೆ.

ದಾರಿಯಿಂದ ಹಾನಿಕರ ವಸ್ತುವನ್ನು ಸರಿಸುವುದನ್ನು ಪ್ರವಾದಿ ಮುಹಮ್ಮದ್(ಸ)ರು ಈಮಾನಿನ ಒಂದು ಶಾಖೆಯೆಂದು ಎಣಿಸಿದರು. ದಾರಿಬದಿಯಲ್ಲಿ ಕುಳಿತವರು ದಾರಿಯ ಹಕ್ಕನ್ನು ಸಲ್ಲಿಸಬೇಕೆಂದೂ ಬೋಧಿಸಿದರು. ಅಂದು ಹಾನಿ ಮುಳ್ಳಿನ ರೂಪದಲ್ಲಿತ್ತು. ಇಂದು ವೇಗದ ರೂಪದಲ್ಲಿದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ 32,825 ಮಂದಿ ಪಾದಚಾರಿಗಳು.

ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಹಂಪಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ವಾಹನ ಕುಲುಕದೆ ನಿಧಾನವಾಗಬೇಕೆಂಬುದೇ ಅದರ ಉದ್ದೇಶ. ನಮ್ಮ ಓಣಿಗಳಲ್ಲಿರುವುದಾದರೋ ಬಣ್ಣವಿಲ್ಲದ, ಫಲಕವಿಲ್ಲದ ಕಡಿದಾದ ದಿಬ್ಬಗಳು. ಬೌರಿಂಗ್ ಆಸ್ಪತ್ರೆಗೆ ಆಟೋದಲ್ಲಿ ಸಾಗುವ ಗರ್ಭಿಣಿಗೆ ಅವು ಯಾತನೆ, ರಾತ್ರಿಯ ಬೈಕ್ ಸವಾರನಿಗೆ ಅಪಾಯ. ಆದುದರಿಂದ ಶಾಲೆ, ಮಸೀದಿ, ದೇವಸ್ಥಾನ, ಚರ್ಚ್‌ಗಳ ಮುಂದೆ ಫುಟ್‌ಪಾತ್‌ನ ಮಟ್ಟಕ್ಕೆ ಎತ್ತರಿಸಿದ ದಾಟುದಾರಿ, ತಿರುವಿನಲ್ಲಿ ಕಿರಿದಾಗುವ ರಸ್ತೆ, ವೃದ್ಧರೂ ದಾಟುವಷ್ಟು ಹೊತ್ತು ಉರಿಯುವ ಸಿಗ್ನಲ್ ನಮ್ಮ ಬೇಡಿಕೆಯಾಗಲಿ. ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕೆಂಬುದೂ ಆ ಸಂಸ್ಥೆಯದೇ ಮಾನದಂಡ.

ಇದು ಭಿಕ್ಷೆಯಲ್ಲ. ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟ್ ಹೇಳಿದೆ.

ಆದರೆ ಇಲ್ಲೊಂದು ಎಚ್ಚರ ಬೇಕು. ಪಾದಚಾರಿಯ ಹೆಸರಿನಲ್ಲಿ ಮೊದಲ ಏಟು ಬೀಳುವುದು ರಸೆಲ್ ಮಾರ್ಕೆಟ್ ಸುತ್ತಲಿನ ತಳ್ಳುಗಾಡಿಯವನ ಮೇಲೆ. ಫುಟ್‌ಪಾತ್ ಮೇಲೇರಿ ನಿಂತ ಕಾರು ಮಾತ್ರ ಅಲ್ಲೇ ಉಳಿಯುತ್ತದೆ. ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆಸಿ ಅವರಿಗೆ ಸ್ಥಳ ಗೊತ್ತುಪಡಿಸಬೇಕೆಂದು 2014ರ ಕಾಯಿದೆ ವಿಧಿಸುತ್ತದೆ. ನಡೆಯುವವನೂ ಬಡವ, ಮಾರುವವನೂ ಬಡವ; ಇವರಿಬ್ಬರನ್ನು ಕಾದಾಡಿಸುವ ಯೋಜನೆ ನ್ಯಾಯದ ಯೋಜನೆಯಲ್ಲ.

ಸಮುದಾಯದೊಳಗೂ ಸುಧಾರಣೆ ಆಗಬೇಕಾಗಿದೆ. ಜುಮಾ ನಮಾಝಿಗೆ ಧಾವಿಸುವವನು ಇನ್ನೊಬ್ಬರ ದಾರಿಗೆ ಅಡ್ಡವಾಗಿ ಬೈಕ್ ನಿಲ್ಲಿಸಿದರೆ ದಾರಿಯ ಹಕ್ಕು ಎಲ್ಲಿ ಸಂದಿತು? ರಮಝಾನಿನ ಸಂಜೆ ಇಫ್ತಾರಿಗೆಂದು ವೇಗ ಹೆಚ್ಚಿಸುವ ಯುವಕನಿಗೆ ಉಪವಾಸ ಕಲಿಸಿದ್ದಾದರೂ ಏನು? ಮಸೀದಿ ಕಮಿಟಿಗಳು ವಾಹನ ನಿಲುಗಡೆಗೆ ಸ್ವಯಂಸೇವಕರನ್ನು ನೇಮಿಸಲಿ. ಖುತುಬಾಗಳಲ್ಲಿ ಈ ವಿಷಯವೂ ಪ್ರಸ್ತಾಪವಾಗಲಿ.

ಬಡಾವಣೆಯ ಅಹವಾಲು ಸಭೆಗಳಲ್ಲಿ ಕೇಳಿಬರುವುದು ಹಾಜರಿದ್ದವರ ದನಿ ಮಾತ್ರ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳಿವೆ. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿವೆ. ಯಾವ ಅರ್ಜಿ ಯಾರಿಗೆಂದು ತಿಳಿದು ಬರೆಯೋಣ. ಹೆಚ್ಚಾಗಿ ನಡೆದೇ ಓಡಾಡುವ ನಮ್ಮ ತಾಯಂದಿರು, ಮಕ್ಕಳು ಎಲ್ಲಿ ದಾಟಲು ಅಂಜುತ್ತಾರೆಂದು ಕೇಳಿ, ಆ ಜಾಗಗಳನ್ನು ಗುರುತಿಸಿ, ಹಿಂದೂ-ಕ್ರೈಸ್ತ ನೆರೆಯವರ ಸಹಿಯನ್ನೂ ಪಡೆದು ಸಲ್ಲಿಸೋಣ. ರಸ್ತೆ ದಾಟುವವನ ಧರ್ಮವನ್ನು ವಾಹನ ವಿಚಾರಿಸುವುದಿಲ್ಲ.

ಅನ್ಯರಿಗೆ ದಾರಿ ಸುಗಮಗೊಳಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.